ಎರಡೂ ಕಪ್ ಒಬ್ಬರೇ ಗೆದ್ದರೆ ಶೀಲ್ಡ್ ಮ್ಯಾಚಿಗೆ ಎದುರಾಳಿ ಯಾರು?

ತುಂಗಾದಡ_7 · ವಿನೋಬನಗರ, ಶಿವಮೊಗ್ಗ · ಆಗಸ್ಟ್ 11, 2025

ನಿನ್ನೆ ಸಂಜೆ ಏಳೂವರೆಗೆ ಯಾರ್ಯಾರು ಟಿವಿ ಮುಂದೆ ಕೂತಿದ್ರಿ? ಲಂಡನ್ನಿನ ವೆಂಬ್ಲಿಯಲ್ಲಿ ಕಮ್ಯುನಿಟಿ ಶೀಲ್ಡ್, ಅಂದ್ರೆ ಇಂಗ್ಲೆಂಡ್ ಫುಟ್‌ಬಾಲಲ್ಲಿ ಲೀಗ್ ಗೆದ್ದವರಿಗೂ ನಾಕೌಟ್ ಕಪ್ ಗೆದ್ದವರಿಗೂ ನಡೆಯೋ ಒಂದೇ ಪಂದ್ಯ. ಲೀಗ್ ಗೆದ್ದ ಲಿವರ್‌ಪೂಲ್ ಒಂದು ಕಡೆ, ಎಫ್‌ಎ ಕಪ್ ಗೆದ್ದ ಕ್ರಿಸ್ಟಲ್ ಪ್ಯಾಲೆಸ್ ಇನ್ನೊಂದು ಕಡೆ. 77ನೇ ನಿಮಿಷಕ್ಕೆ ಪ್ಯಾಲೆಸ್‌ನ ಇಸ್ಮಾಯಿಲಾ ಸಾರ್ ಗೋಲ್ ಹೊಡೆದು 2-2 ಆಯ್ತಲ್ಲ, ನಮ್ಮನೇಲಿ ಕರೆಂಟ್ ಹೋಗಿದ್ದೂ ಅದೇ ಹೊತ್ತಿಗೆ. ಆಶ್ಲೇಷ ಮಳೆ, ಕೇಳೋದೇ ಬೇಡ. ಪೆನಾಲ್ಟಿ ಪೂರ್ತಿ ಫೋನಲ್ಲೇ ನೋಡಿದ್ದು. ಲಿವರ್‌ಪೂಲ್‌ನ ಸಲಾ ಮೊದಲನೇದನ್ನೇ ಬಾರ್ ಮೇಲೆ ಹೊಡೆದ, ಅಲ್ಲಿಗೆ ಚಿತ್ರ ನಿಂತೋಯ್ತು. ಮತ್ತೆ ಬಂದಾಗ ಪ್ಯಾಲೆಸ್‌ನವರು ಕುಣೀತಿದ್ರು. 3-2.

ಈಗ ನಮ್ಮೂರುಗಳ ಲೀಗ್ ವಿಷಯ. ಮೇ ತಿಂಗಳಲ್ಲಿ ಗ್ರೂಪಲ್ಲಿ ಬರೆದುಕೊಂಡಿದ್ದು ಒಂದೇ ಸಾಲು: "ಲೀಗ್ ಗೆದ್ದವರಿಗೂ ಕಪ್ ಗೆದ್ದವರಿಗೂ ಗಣಪತಿ ಹಬ್ಬಕ್ಕೆ ಮೊದಲು ಒಂದು ಶೀಲ್ಡ್ ಮ್ಯಾಚ್." ಆಗ ಎಲ್ಲರೂ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ಏಪ್ರಿಲಲ್ಲಿ ಕಪ್ ಗೆದ್ದಿದ್ದು ಭದ್ರಾವತಿ ಹುಡುಗರು. ಮೊನ್ನೆ ಲೀಗ್ ಮುಗೀತು, ಅದನ್ನೂ ಗೆದ್ದಿದ್ದು ಭದ್ರಾವತಿ ಹುಡುಗರೇ. ಈಗ ಅವರು ಯಾರ ಮೇಲೆ ಆಡಬೇಕು? ಲೀಗಲ್ಲಿ ಎರಡನೇ ಸ್ಥಾನ ನಾವು. ಕಪ್ ಫೈನಲಲ್ಲಿ ಸೋತಿದ್ದು ತೀರ್ಥಹಳ್ಳಿ. ನಾನು ವಿನೋಬನಗರದವನು, ನನ್ನ ಅಭಿಪ್ರಾಯ ಏನಂತ ನಿಮಗೆ ಗೊತ್ತೇ ಇದೆ. ಆದ್ರೂ ಕೇಳ್ತಿದೀನಿ.

ಉಕ್ಕಿನೂರು_9 · ಭದ್ರಾವತಿ

ಗುರು, ಎದುರಾಳಿ ಯಾಕೆ ಬೇಕು? ಶೀಲ್ಡ್ ಕೊಟ್ಟುಬಿಡಿ, ಬಸ್ ಚಾರ್ಜ್ ಉಳಿಯುತ್ತೆ.

ಆಗುಂಬೆ_ಘಾಟಿ · ತೀರ್ಥಹಳ್ಳಿ

ಎಂತ ಮಾರಾಯ ಇದು, ಫೈನಲಿಗೆ ಬಂದವರು ನಾವು. ಕಪ್‌ನ ಜಾಗ ಖಾಲಿ ಆದ್ರೆ ಕಪ್‌ನ ಎರಡನೆಯವರು ಬರಬೇಕು. ಇದಕ್ಕೆ ಚರ್ಚೆ ಬೇರೆ.

ವೆಸ್ಟ್‌ಬ್ಲಾಕ್_ಮಲ್ನಾಡ್ · ಶಿವಮೊಗ್ಗ

ಉಕ್ಕಿನೂರು ತಮಾಷೆಗೆ ಹೇಳಿದ್ರೂ ಹಾಗೆ ನಡೆದಿದ್ದುಂಟು. ಸ್ಪೇನಲ್ಲಿ 1984ರಲ್ಲಿ ಅಥ್ಲೆಟಿಕ್ ಬಿಲ್ಬಾವೊ, 1989ರಲ್ಲಿ ರಿಯಲ್ ಮ್ಯಾಡ್ರಿಡ್ ಲೀಗನ್ನೂ ಕಪ್ಪನ್ನೂ ಗೆದ್ದಾಗ ಅಲ್ಲಿನ ಶೀಲ್ಡ್ ಆದ ಸೂಪರ್ ಕಪ್ಪನ್ನ ಆಟ ಇಲ್ದೇನೇ ಕೈಗಿಟ್ಟರು.

ಆಮೇಲೆ ಬುದ್ಧಿ ಬಂತು. ಬಾರ್ಸಿಲೋನಾ ಎರಡೂ ಗೆದ್ದ 2015ರಲ್ಲಿ ಎದುರು ಬಂದವರು ಕಪ್ ಫೈನಲ್ ಸೋತ ಬಿಲ್ಬಾವೊ. 2016ರಲ್ಲಿ ಸೆವಿಯಾ, ಅವರೂ ಕಪ್ ಫೈನಲ್ ಸೋತವರೇ. ಇಟಲಿಯಲ್ಲೂ ಆಗ ಇದೇ ಲೆಕ್ಕ. 2016ರಲ್ಲಿ ಯುವೆಂಟಸ್ ಎದುರು ಕಪ್‌ನ ರನ್ನರ್ ಅಪ್ ಮಿಲಾನ್ ಬಂತು, ದೋಹಾದಲ್ಲಿ ಪೆನಾಲ್ಟಿಯಲ್ಲಿ ಗೆದ್ದೂಬಿಡ್ತು.

ಇಂಗ್ಲೆಂಡ್, ಜರ್ಮನಿ ಉಲ್ಟಾ. ಅಲ್ಲಿ ಲೀಗ್‌ನ ಎರಡನೇ ಸ್ಥಾನದವರಿಗೆ ಕರೆ. 2013ರಲ್ಲಿ ಬಯರ್ನ್ ಎಲ್ಲಾ ಬಾಚಿಕೊಂಡಿತ್ತು, ಎರಡನೇ ಸ್ಥಾನದ ಡಾರ್ಟ್‌ಮುಂಡ್ ಬಂದು 4-2 ಹೊಡೀತು. 2024ರಲ್ಲಿ ಲೆವರ್ಕುಸನ್ ಎದುರು ಸ್ಟುಟ್‌ಗಾರ್ಟ್ ಬಂದಿದ್ದೂ ಹಾಗೇ.

ಅಂದ್ರೆ ಇಬ್ಬರಿಗೂ ಒಂದೊಂದು ದಾಖಲೆ ಸಿಕ್ಕಿತು. ಕಿತ್ತಾಡಿ.

ತುಂಗಾದಡ_7

ಇಂಗ್ಲೆಂಡಿನ ನಿಯಮವೇ ಸರಿ ಅಲ್ವಾ? ಲೀಗ್ ಅಂದ್ರೆ ಹತ್ತು ಮ್ಯಾಚ್. ಎರಡು ತಿಂಗಳು ಬೆವರು ಸುರಿಸಿ, ಅಲ್ಲ ನಮ್ಮೂರಲ್ಲಿ ಬೆವರು ಎಲ್ಲಿ, ಮಳೇಲಿ ನೆಂದು ಎರಡನೇ ಸ್ಥಾನ ಬಂದಿದೀವಿ. ಕಪ್ ಅಂದ್ರೆ ಮೂರು ಮ್ಯಾಚ್. ಎದುರಾಳಿ ಆರಿಸೋ ಚೀಟಿ ಚೆನ್ನಾಗಿ ಬಿದ್ರೆ ಫೈನಲ್.

ಆಗುಂಬೆ_ಘಾಟಿ

ಚೀಟಿ ಚೆನ್ನಾಗಿ ಬಿತ್ತು ಅಂತೀಯಲ್ಲ, ಸೆಮಿಫೈನಲಲ್ಲಿ ನಾವು ಸೋಲಿಸಿದ್ದು ಯಾರನ್ನ ಅಂತ ಸ್ವಲ್ಪ ನೆನಪು ಮಾಡ್ಕೊ.

ಉಕ್ಕಿನೂರು_9

😂😂 ವಿನೋಬನಗರ, ಉತ್ತರ ಬರಲಿ.

ಕೊಳೆ_ಔಷಧಿ · ಹೊಸನಗರ

ನಮ್ಮದು ಕೊನೇ ಸ್ಥಾನ, ಹಾಗಾಗಿ ನಿಷ್ಪಕ್ಷಪಾತಿ. ಅಡಿಕೆಗೆ ಎರಡನೇ ಸುತ್ತು ಬೋರ್ಡೋ ಔಷಧಿ ಹೊಡೆಯೋಕೆ ಬಿಸಿಲು ಕಾಯ್ತಾ ಕೂತಿದೀನಿ, ಬಿಸಿಲಿಲ್ಲ, ಅದಕ್ಕೇ ಇಲ್ಲಿ ಓದ್ತಿದೀನಿ. ನನ್ನ ಪ್ರಶ್ನೆ ಬೇರೆ. ಈ ಶೀಲ್ಡ್ ಅನ್ನೋದು ನಿಜವಾಗಲೂ ಕಪ್ಪಾ ಅಥವಾ ಸುಮ್ನೆ ಕಾಟಾಚಾರದ ಪ್ರದರ್ಶನವಾ? ಇಂಗ್ಲಿಷ್ ಮ್ಯಾನೇಜರುಗಳು ಗೆದ್ದ ದಿನ ಟ್ರೋಫಿ ಅಂತಾರೆ, ಸೋತ ದಿನ ತಯಾರಿ ಪಂದ್ಯ ಅಂತಾರೆ.

ಸೀಟಿ_ಮೇಷ್ಟ್ರು · ಶಿವಮೊಗ್ಗ

ನಾನು ಈ ಲೀಗಲ್ಲಿ ನಾಲ್ಕು ಪಂದ್ಯಕ್ಕೆ ಸೀಟಿ ಊದಿದವನು. ವಯಸ್ಸಾಯಿತು, ಈಗ ಲೈನಿನಲ್ಲಿ ಬಾವುಟ ಹಿಡಿದು ನಿಲ್ಲುವುದಷ್ಟೇ. ಹೊಸನಗರದವರು ಕೇಳಿದ್ದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಶೀಲ್ಡ್ ಹುಟ್ಟಿದಾಗ ಲೀಗ್ ಚಾಂಪಿಯನ್, ಕಪ್ ವಿಜೇತ ಅನ್ನುವ ಜೋಡಿ ಇರಲೇ ಇಲ್ಲ. 1908ರ ಮೊದಲ ಪಂದ್ಯದಲ್ಲಿ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಆಡಿದ್ದು ಸದರ್ನ್ ಲೀಗ್ ಗೆದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್. 1-1 ಆಯಿತು, ಮತ್ತೆ ಆಡಿಸಿದರು, ಯುನೈಟೆಡ್ 4-0. ಆಮೇಲೆ ಕೆಲವು ವರ್ಷ ಹವ್ಯಾಸಿಗಳ ಮೇಲೆ ವೃತ್ತಿಪರರು ಆಡಿದರು. 1950ರಲ್ಲಂತೂ ಇಂಗ್ಲೆಂಡಿನ ವಿಶ್ವಕಪ್ ತಂಡಕ್ಕೂ ಕೆನಡಾ ಪ್ರವಾಸದ ತಂಡಕ್ಕೂ ಆಟ. ನಮ್ಮ ಕಡೆ ಯಕ್ಷಗಾನ ಮೇಳಕ್ಕೆ ಆ ದಿನ ಯಾವ ಭಾಗವತರು ಸಿಕ್ಕರೋ ಅವರನ್ನೇ ಕೂರಿಸುತ್ತಾರಲ್ಲ, ಹಾಗೆ.

1974ರಿಂದ ಅದು ವೆಂಬ್ಲಿಗೆ ಬಂತು. ಆ ವರ್ಷ ಲೀಡ್ಸ್ ಲೀಗ್ ಗೆದ್ದಿತ್ತು, ಲಿವರ್‌ಪೂಲ್ ಕಪ್. ಲೀಡ್ಸ್‌ಗೆ ಬ್ರಯನ್ ಕ್ಲಫ್ ಹೊಸ ಮ್ಯಾನೇಜರ್, 44 ದಿನಕ್ಕೆ ಮನೆಗೆ ಹೋದವರು. ಲಿವರ್‌ಪೂಲ್‌ನ ಕೆವಿನ್ ಕೀಗನ್, ಲೀಡ್ಸ್‌ನ ಬಿಲ್ಲಿ ಬ್ರೆಮ್ನರ್ ಇಬ್ಬರೂ ಹೊಡೆದಾಡಿ ಕೆಂಪು ಮುಖ ಮಾಡಿಕೊಂಡು, ಅಂಗಿ ಕಿತ್ತು ಎಸೆದು ಹೊರನಡೆದರು. ತಯಾರಿ ಪಂದ್ಯಕ್ಕೆ ಯಾರಾದರೂ ಅಂಗಿ ಕಿತ್ತು ಎಸೆಯುತ್ತಾರೆಯೇ? ಕೊನೆಗೆ 1-1, ಪೆನಾಲ್ಟಿಯಲ್ಲಿ ಲಿವರ್‌ಪೂಲ್ 6-5.

ಇನ್ನೊಂದು ಮುಖವೂ ಇದೆ. 1971ರಲ್ಲಿ ಆರ್ಸೆನಲ್ ಎರಡನ್ನೂ ಗೆದ್ದಿತ್ತು, ಈಗಿನ ಭದ್ರಾವತಿಯ ಹಾಗೆ. ಬೇರೆ ಕಡೆ ಆಡಲು ಒಪ್ಪಿಕೊಂಡಿದ್ದೇವೆ ಅಂತ ಬರಲೇ ಇಲ್ಲ. ಅವರ ಬದಲು ಎರಡನೇ ದರ್ಜೆಯ ಲೀಗ್ ಗೆದ್ದ ಲೆಸ್ಟರ್ ಬಂತು, ಕಪ್ ಫೈನಲ್ ಸೋತ ಲಿವರ್‌ಪೂಲನ್ನು 1-0ಗೆ ಸೋಲಿಸಿ ಶೀಲ್ಡ್ ಹೊತ್ತುಕೊಂಡು ಹೋಯಿತು. ಯಾವ ದೊಡ್ಡ ಕಪ್ಪನ್ನೂ ಗೆಲ್ಲದ ಇಬ್ಬರ ನಡುವೆ ಚಾಂಪಿಯನ್ನರ ಪಂದ್ಯ!

ಆದ್ದರಿಂದ ನಿಯಮ ನೋಡಿ ಹೆದರಬೇಡಿ. ಅದು ಆಡುತ್ತಾ ಆಡುತ್ತಾ ಆದ ನಿಯಮ.

ಉಕ್ಕಿನೂರು_9

ಸರ್, ಹಾಗಾದ್ರೆ ನಾವು "ಬೇರೆ ಕಡೆ ಒಪ್ಪಿಕೊಂಡಿದ್ದೇವೆ" ಅಂತ ಹೇಳಬಹುದಾ? ನಮ್ಮ ಗೋಲ್‌ಕೀಪರ್ ಮದುವೆ ಮಾತುಕತೆ ಇದೆ.

ಸೀಟಿ_ಮೇಷ್ಟ್ರು

ಶ್ರಾವಣ ಮುಗಿಯಲಿ ಅಂತ ಹೇಳಿ.

ವೆಸ್ಟ್‌ಬ್ಲಾಕ್_ಮಲ್ನಾಡ್

ನಮ್ಮ ದೇಶದ ಕಥೆಯನ್ನೂ ಸೇರಿಸ್ತೀನಿ. ಇಂಡಿಯನ್ ಸೂಪರ್ ಕಪ್ ಅಂತ 1997ರಿಂದ 2011ರವರೆಗೆ ಇತ್ತು. ರಾಷ್ಟ್ರೀಯ ಲೀಗ್ ಗೆದ್ದವರಿಗೂ ಫೆಡರೇಷನ್ ಕಪ್ ಗೆದ್ದವರಿಗೂ ಒಂದೇ ಪಂದ್ಯ, ಥೇಟ್ ಶೀಲ್ಡ್ ಥರ. ಆಮೇಲೆ ನಿಂತೋಯ್ತು. 2018ರಲ್ಲಿ ಸೂಪರ್ ಕಪ್ ಅಂತ ಮತ್ತೆ ಬಂದಿದ್ದು ಹೆಸರು ಮಾತ್ರ, ಒಳಗಿರೋದು ಪೂರ್ತಿ ನಾಕೌಟ್ ಟೂರ್ನಿ. ಆ ಮೊದಲನೇದನ್ನ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1 ಗೆದ್ದಿದ್ದು ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಅನ್ನೋದರಿಂದ ನನಗೇನೂ ತಕರಾರಿಲ್ಲ.

ಇಂಡಿಯನ್ ಸೂಪರ್ ಲೀಗ್, ಅಂದ್ರೆ ಐಎಸ್‌ಎಲ್‌ನಲ್ಲಿ ಇನ್ನೂ ಗೊಂದಲ. ಲೀಗಲ್ಲಿ ಮೊದಲು ಬಂದವರಿಗೆ ಶೀಲ್ಡ್, ಪ್ಲೇ ಆಫ್ ಗೆದ್ದವರಿಗೆ ಕಪ್. 2023-24ರಲ್ಲಿ ಶೀಲ್ಡ್ ಮೋಹನ್ ಬಗಾನ್‌ಗೆ, ಕಪ್ ಮುಂಬೈಗೆ. ಈ ಏಪ್ರಿಲಲ್ಲಿ ಎರಡೂ ಮೋಹನ್ ಬಗಾನ್‌ಗೆ, ಫೈನಲಲ್ಲಿ ಹೆಚ್ಚುವರಿ ಸಮಯದಲ್ಲಿ 2-1 ಸೋತಿದ್ದು ನಾವು. ಅವತ್ತು ಬೆಳಿಗ್ಗೆವರೆಗೆ ನಿದ್ದೆ ಬಂದಿಲ್ಲ. ಆ ದಿನದ ಮೇಲೆ ಹೇಳ್ತೀನಿ, ಫೈನಲ್ ಸೋತವನಿಗೆ ಇನ್ನೊಂದು ಸಲ ಅವರ ಮೇಲೇ ಆಡೋ ಆಸೆ ಇರುತ್ತಲ್ಲ, ಅದು ಎರಡನೇ ಸ್ಥಾನದವನಿಗೆ ಇರಲ್ಲ. ನನ್ನ ವೋಟು ತೀರ್ಥಹಳ್ಳಿಗೆ.

ತುಂಗಾದಡ_7

ನೀನು ಶಿವಮೊಗ್ಗದವನು ಅಂತ ಪ್ರೊಫೈಲಲ್ಲಿ ಹಾಕಿದೀಯ. ತೆಗಿ.

ಪಿಇ_ಟೀಚರ್ · ತೀರ್ಥಹಳ್ಳಿ ಹತ್ತಿರ · ಆಗಸ್ಟ್ 12

ಎರಡು ದಿನದಿಂದ ಇಲ್ಲಿ ಯುರೋಪೆಲ್ಲಾ ಸುತ್ತಿ ಬಂದ್ರಿ, ನಮ್ಮ ಪಾಯಿಂಟ್ ಪಟ್ಟಿಯನ್ನ ಯಾರೂ ತೆಗೆದು ನೋಡಿಲ್ಲ. ನಾನು ನೋಡಿದೆ.

ವಿನೋಬನಗರಕ್ಕೆ 19 ಪಾಯಿಂಟ್. ತೀರ್ಥಹಳ್ಳಿಗೆ 17. ತೀರ್ಥಹಳ್ಳಿಯ ಎರಡು ಪಂದ್ಯ ಮಳೆಗೆ ರದ್ದಾಗಿ, ಒಂದೊಂದು ಪಾಯಿಂಟ್ ಹಂಚಿದ್ದು. ಒಂದು ಹೊಸನಗರದ ಮೇಲೆ, ಇನ್ನೊಂದು ವಿನೋಬನಗರದ ಮೇಲೆಯೇ. ಎರಡೂ ನಡೆಯಬೇಕಿದ್ದದ್ದು ನಮ್ಮ ಮೈದಾನದಲ್ಲಿ. ಆಗುಂಬೆ ಘಾಟಿಯ ಬುಡದಲ್ಲಿ ಅಲ್ಲದಿದ್ದರೂ ಮೋಡಕ್ಕೆ ಅಷ್ಟೇನೂ ದೂರವಿಲ್ಲ ನಾವು. ಜುಲೈ ತಿಂಗಳಲ್ಲಿ ಗೋಲ್ ಪೋಸ್ಟ್ ಹತ್ತಿರ ಏಡಿ ಹಿಡಿಯಬಹುದಿತ್ತು.

ಇಂಗ್ಲೆಂಡಲ್ಲಿ 38 ಪಂದ್ಯ ಆಡಿ ಮುಗಿಸ್ತಾರೆ. ಒಂದು ರದ್ದಾದರೆ ಇನ್ನೊಂದು ದಿನ ಆಡೇ ಆಡ್ತಾರೆ. ಹಾಗಾಗಿ ಅಲ್ಲಿ ಲೀಗ್ ಪಟ್ಟಿ ಸುಳ್ಳು ಹೇಳಲ್ಲ, ಕಪ್ಪಿನಲ್ಲಿ ಅದೃಷ್ಟ ಇರುತ್ತೆ ಅಂತ ಅವರು ಲೀಗ್‌ನ ಎರಡನೆಯವರನ್ನ ಕರೀತಾರೆ. ನಮ್ಮಲ್ಲಿ ಉಲ್ಟಾ. ಕಪ್ ಆಡಿದ್ದು ಏಪ್ರಿಲಲ್ಲಿ, ಒಣಗಿದ ನೆಲದಲ್ಲಿ, ಎಲ್ಲ ಪಂದ್ಯವೂ 90 ನಿಮಿಷ. ಲೀಗ್ ಆಡಿದ್ದು ಮುಂಗಾರಲ್ಲಿ. ಇಲ್ಲಿ ಅದೃಷ್ಟ ಇರೋದು ಲೀಗಲ್ಲಿ. ಮಳೆ ಯಾರ ಮೈದಾನದ ಮೇಲೆ ಹೆಚ್ಚು ಬಿತ್ತೋ ಅವರ ಪಾಯಿಂಟ್ ಕರಗಿತು. ಇಂಗ್ಲೆಂಡಿನ ನಿಯಮ ತಂದು ತೀರ್ಥಹಳ್ಳಿಯ ಮಳೆಗೆ ಹಾಕಿದರೆ ಹೇಗೆ?

ಕೊಳೆ_ಔಷಧಿ

ಟೀಚರ್ ಮಾತಿಗೆ ನನ್ನ ಎರಡೂ ಕೈ. ನಮ್ಮ ಮೇಲಿನ ಪಂದ್ಯ ನಡೆದಿದ್ರೆ ತೀರ್ಥಹಳ್ಳಿಗೆ ಮೂರು ಪಾಯಿಂಟ್ ಗ್ಯಾರಂಟಿ, ನಮ್ಮ ಆಟ ನಮಗೆ ಗೊತ್ತಿಲ್ವಾ.

ಉಕ್ಕಿನೂರು_9

ಟೀಚರ್, ಇಷ್ಟು ದಿನ ಎಲ್ಲಿದ್ರಿ?

ಆಗುಂಬೆ_ಘಾಟಿ

ನಾನು ಇದನ್ನೇ ಹೇಳಬೇಕು ಅಂತಿದ್ದೆ, ಇಷ್ಟು ಚಂದ ಬರ್ತಿರಲಿಲ್ಲ.

ತುಂಗಾದಡ_7 · ಆಗಸ್ಟ್ 12, ರಾತ್ರಿ

ಊಟ ಆದಮೇಲೆ ಪಟ್ಟಿ ನಾನೂ ತೆಗೆದು ನೋಡಿದೆ. ಟೀಚರ್ ಹೇಳಿದ್ದು ನಿಜ. ರದ್ದಾದ ದಿನ ನಾವು ಬಸ್ಸಲ್ಲಿ ಮಂಡಗದ್ದೆ ಹತ್ತಿರ ಇದ್ವಿ. ಫೋನ್ ಬಂತು, ಅಲ್ಲೇ ಇಳಿದು ಚಾ ಕುಡಿದು ವಾಪಸ್ ಬಂದ್ವಿ. ಒಂದು ಪಾಯಿಂಟ್ ಬಿಟ್ಟಿ ಬಂತು ಅಂತ ಖುಷಿಯೂ ಪಟ್ಟಿದ್ವಿ, ಸುಳ್ಳು ಯಾಕೆ ಹೇಳಲಿ.

ಹಾಗಂತ ಸುಮ್ನೆ ಬಿಟ್ಟುಕೊಡೋಕೂ ಹುಡುಗರು ಒಪ್ತಿಲ್ಲ. ಅದಕ್ಕೆ ಒಂದು ಮಾತು. ಆ ರದ್ದಾದ ಪಂದ್ಯವನ್ನ ಈಗ ಆಡೋಣ. 17ನೇ ತಾರೀಕು ಭಾನುವಾರ, ಶಿವಮೊಗ್ಗದಲ್ಲಿ, ನಮ್ಮ ನೆಲ ಬೇಗ ನೀರು ಇಂಗುತ್ತೆ. ಗೆದ್ದವರು 24ಕ್ಕೆ ಭದ್ರಾವತಿ ಮೇಲೆ. ಡ್ರಾ ಆದ್ರೆ ತೀರ್ಥಹಳ್ಳಿ ಹೋಗಲಿ, ಯಾಕಂದ್ರೆ ಮೈದಾನ ಅವರದ್ದಾಗಬೇಕಿತ್ತು.

ಪಿಇ_ಟೀಚರ್

ಡ್ರಾ ಆದರೆ ನಾವು ಅಂದಿದ್ದು ದೊಡ್ಡ ಮಾತು. ಒಪ್ಪಿಗೆ. ನನ್ನದೂ ಒಂದು ಬೇಡಿಕೆ ಇದೆ. 24ಕ್ಕೆ ದೊಡ್ಡವರ ಆಟಕ್ಕೆ ಮೊದಲು ಹುಡುಗಿಯರ ಒಂದು ಪಂದ್ಯ. ಇಂಗ್ಲೆಂಡಲ್ಲಿ ಹೆಂಗಸರ ಶೀಲ್ಡ್ 2008ರ ನಂತರ ನಿಂತೇ ಹೋಗಿತ್ತು, 2020ರಲ್ಲಿ ಮತ್ತೆ ಶುರು ಮಾಡಿದಾಗ ಒಂದೇ ದಿನ ವೆಂಬ್ಲಿಯಲ್ಲಿ ಎರಡೂ ಪಂದ್ಯ ಇಟ್ಟರು, ಚೆಲ್ಸಿ ಮ್ಯಾಂಚೆಸ್ಟರ್ ಸಿಟಿಯನ್ನ 2-0 ಸೋಲಿಸ್ತು. ನನ್ನ ಹತ್ತಿರ 13 ಹುಡುಗಿಯರಿದ್ದಾರೆ, ಎದುರು ಆಡೋಕೆ ತಂಡ ಇಲ್ಲ.

ಉಕ್ಕಿನೂರು_9

ನನ್ನ ತಂಗಿ ಕಾಲೇಜಲ್ಲಿ ಒಂದು ತಂಡ ಇದೆ. ಕೇಳಿ ಹೇಳ್ತೀನಿ. ಅವಳು ನನಗಿಂತ ಚೆನ್ನಾಗಿ ಆಡ್ತಾಳೆ, ಇದನ್ನ ಯಾರೂ ಸ್ಕ್ರೀನ್‌ಶಾಟ್ ತೆಗೀಬೇಡಿ.

ಕೊಳೆ_ಔಷಧಿ

ತೆಗೆದಾಯ್ತು.

ವೆಸ್ಟ್‌ಬ್ಲಾಕ್_ಮಲ್ನಾಡ್ · ಆಗಸ್ಟ್ 14

ಇನ್ನೆರಡು ವಿಷಯ ಈಗಲೇ ಬರೆದಿಟ್ಟುಕೊಳ್ಳಿ, ಆಮೇಲೆ ಮೈದಾನದಲ್ಲಿ ಜಗಳ ಬೇಡ. 90 ನಿಮಿಷಕ್ಕೆ ಸಮ ಆದ್ರೆ ಏನು? ಕಮ್ಯುನಿಟಿ ಶೀಲ್ಡಲ್ಲಿ ಹೆಚ್ಚುವರಿ ಸಮಯ ಇಲ್ಲ, ನೇರ ಪೆನಾಲ್ಟಿ. 2023, 2024, 2025 ಮೂರೂ ವರ್ಷ ಹಾಗೇ ಮುಗಿದಿದ್ದು. 23ರಲ್ಲಿ ಆರ್ಸೆನಲ್‌ನ ಟ್ರೊಸಾರ್ ಇಂಜುರಿ ಟೈಮಿನ 11ನೇ ನಿಮಿಷದಲ್ಲಿ ಸಮ ಮಾಡಿ ಆರ್ಸೆನಲ್ ಗೆದ್ದಿತ್ತು.

ಎರಡನೇದು ದುಡ್ಡು. ಅದರ ಹೆಸರು 2002ರವರೆಗೆ ಚಾರಿಟಿ ಶೀಲ್ಡ್ ಅಂತಿತ್ತು. ಟಿಕೆಟ್ ದುಡ್ಡಲ್ಲಿ ಎಷ್ಟು ದಾನಕ್ಕೆ ಹೋಗುತ್ತೆ ಅಂತ ಸರಿಯಾಗಿ ಹೇಳ್ತಿಲ್ಲ ಅಂತ ಅಲ್ಲಿನ ಚಾರಿಟಿ ಆಯೋಗ ತಕರಾರು ತೆಗೆದ ಮೇಲೆ ಹೆಸರು ಬದಲಾಗಿದ್ದು. ಈಗ ಆ ದುಡ್ಡನ್ನ ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಆಡಿದ 124 ಕ್ಲಬ್‌ಗಳಿಗೆ ಹಂಚಿ, ಅವರವರ ಊರಿನ ಕೆಲಸಕ್ಕೆ ಕೊಡಿಸ್ತಾರೆ. ನಾವು ಡಬ್ಬಿ ಇಡೋದಾದ್ರೆ ಎಷ್ಟು ಬಂತು, ಎಲ್ಲಿಗೆ ಹೋಯ್ತು ಅಂತ ಅವತ್ತೇ ಗ್ರೂಪಲ್ಲಿ ಹಾಕಿ.

ಸೀಟಿ_ಮೇಷ್ಟ್ರು

ಡಬ್ಬಿಯ ಮಾತು ಸರಿ. ಪೆನಾಲ್ಟಿಯ ಮಾತಿಗೆ ನನ್ನ ಸಮ್ಮತಿ ಇಲ್ಲ. ಸಂಜೆ ಐದೂವರೆಗೆ ಮೋಡ ಕವಿದರೆ ಚೆಂಡೂ ಕಾಣುವುದಿಲ್ಲ, ಗೆರೆಯೂ ಕಾಣುವುದಿಲ್ಲ. ಹಿಂದೆ ಅಲ್ಲೂ ಸಮವಾದರೆ ಹಂಚಿಕೊಳ್ಳುತ್ತಿದ್ದರು, ಆರು ತಿಂಗಳು ಒಬ್ಬರ ಮನೆ, ಆರು ತಿಂಗಳು ಇನ್ನೊಬ್ಬರ ಮನೆ. ಕೊನೆಯದಾಗಿ ಹಂಚಿಕೊಂಡಿದ್ದು 1991ರಲ್ಲಿ ಆರ್ಸೆನಲ್, ಟಾಟನ್‌ಹ್ಯಾಮ್, 0-0. ನನಗೆ ಅದೇ ಇಷ್ಟ. 1967ರದ್ದೂ ಹಾಗೆಯೇ, 3-3. ಆ ದಿನ ಟಾಟನ್‌ಹ್ಯಾಮ್ ಗೋಲ್‌ಕೀಪರ್ ಪ್ಯಾಟ್ ಜೆನಿಂಗ್ಸ್ ತನ್ನ ಪೆಟ್ಟಿಗೆಯಿಂದ ಒದ್ದ ಚೆಂಡು ಇಡೀ ಮೈದಾನ ದಾಟಿ, ಒಮ್ಮೆ ಪುಟಿದು, ಯುನೈಟೆಡ್ ಗೋಲಿಯ ತಲೆ ಮೇಲಿಂದ ಒಳಗೆ ಹೋಯಿತು.

ಉಕ್ಕಿನೂರು_9

ನಮ್ಮ ಮೈದಾನದಲ್ಲಿ ಪುಟಿಯೋದಿಲ್ಲ ಸರ್, ಹೂತುಕೊಳ್ಳುತ್ತೆ.

ತುಂಗಾದಡ_7 · ಆಗಸ್ಟ್ 17, ರಾತ್ರಿ

ತೀರ್ಥಹಳ್ಳಿ 2, ವಿನೋಬನಗರ 1. ಬೇರೇನೂ ಬರೆಯೋಕೆ ಮನಸ್ಸಿಲ್ಲ. ಎರಡನೇ ಗೋಲ್ ಆಫ್‌ಸೈಡ್ ಅಂತ ನಮ್ಮ ಹುಡುಗರು ಇನ್ನೂ ಅಂತಿದಾರೆ. ನಾನು ಲೈನ್ ಪಕ್ಕದಲ್ಲೇ ಇದ್ದೆ, ಆಫ್‌ಸೈಡ್ ಅಲ್ಲ.

ಆಗುಂಬೆ_ಘಾಟಿ

ಮಾರಾಯ, ಈ ಸಾಲಿಗೆ ನಿನಗೊಂದು ಊಟ ಬಾಕಿ. ಕಳಲೆ ಪಲ್ಯ, ಅಕ್ಕಿ ರೊಟ್ಟಿ. ಬಾ.

ಕೊಳೆ_ಔಷಧಿ

24ಕ್ಕೆ ಮಘೆ ಮಳೆ. ಬಂದರೆ ಮಘೆ, ಹೋದರೆ ಹೊಗೆ. ಛತ್ರಿ ತನ್ನಿ.

ಸೀಟಿ_ಮೇಷ್ಟ್ರು · ಆಗಸ್ಟ್ 24, ರಾತ್ರಿ

ಬರಲಾಗದವರಿಗೆ ವರದಿ.

ಹುಡುಗಿಯರ ಪಂದ್ಯ ಮೊದಲು. ಟೀಚರ್ ತಂಡ 1-3 ಸೋತಿತು. ಸೋತರೂ ಪ್ರೇಕ್ಷಕರು ಅವತ್ತು ಅತಿ ಹೆಚ್ಚು ಕೂಗಿದ್ದು ಟೀಚರ್ ತಂಡ ಹೊಡೆದ ಆ ಒಂದು ಗೋಲ್‌ಗೇ. ಉಕ್ಕಿನೂರಿನ ತಂಗಿ ಎರಡು ಗೋಲ್ ಹೊಡೆದಳು, ಅಣ್ಣ ಹೇಳಿದ್ದು ಸುಳ್ಳಲ್ಲ.

ದೊಡ್ಡವರ ಆಟದಲ್ಲಿ ಮೊದಲರ್ಧ ಬರಿ ಎಳೆದಾಟ. ಅರ್ಧ ಮುಗಿಯುವ ಹೊತ್ತಿಗೆ ಭದ್ರಾವತಿ ಕಾರ್ನರ್‌ನಿಂದ ಒಂದು ಹೊಡೆದರು. ವಿರಾಮದಲ್ಲಿ ಮಳೆ ಶುರುವಾಯಿತು, ಪಡುವಣದ ಗೋಲಿನ ಮುಂದೆ ಒಂದು ಹೊಂಡವಾಯಿತು. ಆ ಹೊಂಡ ತೀರ್ಥಹಳ್ಳಿಯವರಿಗೆ ತವರುಮನೆ. 60ನೇ ನಿಮಿಷದ ಹತ್ತಿರ ಅವರ ಹುಡುಗ ದೂರದಿಂದ ಒದ್ದದ್ದು ಹೊಂಡಕ್ಕೆ ಬಿದ್ದು ನಿಂತಿತು. ಭದ್ರಾವತಿ ಗೋಲಿ ಪುಟಿಯುತ್ತದೆ ಅಂತ ಮೇಲಕ್ಕೆ ಹಾರಿದ್ದ. ಅವನು ಕೆಳಗೆ ಬರುವಷ್ಟರಲ್ಲಿ ಇನ್ನೊಬ್ಬ ಬಂದು ನೀರಿನ ಸಮೇತ ಒಳಗೆ ತಳ್ಳಿದ. 1-1.

80 ದಾಟಿದ ಮೇಲೆ ಆ ತುದಿಯ ಗೋಲು ನನಗೆ ಕಾಣಿಸಲಿಲ್ಲ. ರೆಫ್ರಿ 90 ಮುಗಿಸಿ ಎರಡೂ ನಾಯಕರನ್ನು ಕರೆದು ಕೇಳಿದರು. ಇಬ್ಬರೂ ಆಕಾಶ ನೋಡಿದರು. ಹಂಚಿಕೊಂಡರು.

ಡಬ್ಬಿಯಲ್ಲಿ 6,340 ರೂಪಾಯಿ. ಹುಡುಗಿಯರಿಗೆ ಬೂಟು.

ಪಿಇ_ಟೀಚರ್

ಬೂಟಿನ ಅಳತೆ ನಾಳೆ ಕಳಿಸ್ತೀನಿ. ಐದು ಜೊತೆಗೆ ಸಾಲಬಹುದು, ಉಳಿದಿದ್ದು ಮುಂದಿನ ಸಲ.

ಉಕ್ಕಿನೂರು_9

ಗೋಲಿ ಹಾರಿದ್ದಕ್ಕೆ ಬೈಬೇಡಿ, ತಲೆಯಲ್ಲಿ ಮದುವೆ ಇದೆ. ಶೀಲ್ಡ್ ಮೊದಲ ಆರು ತಿಂಗಳು ಯಾರ ಹತ್ರ? ಟಾಸ್ ಹಾಕೋದು ಮರ್ತೇ ಹೋಯ್ತು.

ಆಗುಂಬೆ_ಘಾಟಿ

ಟಾಸ್ ಬೇಡ, ನೀವೇ ಇಟ್ಟುಕೊಳ್ಳಿ. ಅದು ಹಲಸಿನ ಹಲಗೆ. ಈಗ ನಮ್ಮನೆಗೆ ತಂದ್ರೆ ಹಬ್ಬದೊಳಗೆ ಬೂಸ್ಟು ಹಿಡಿಯುತ್ತೆ. ಫೆಬ್ರವರಿಗೆ ಕೊಡಿ, ಬಿಸಿಲಿಗೆ ಇಟ್ಟು ವಾರ್ನಿಶ್ ಹೊಡೆಸ್ತೀನಿ.

ತುಂಗಾದಡ_7

ಚೆಂಡು ನನ್ನ ಹತ್ರ ಇದೆ. ಗಾಳಿ ಪಂಪು ಯಾರ ಬ್ಯಾಗಿಗೆ ಹೋಯ್ತು ನೋಡ್ಕೊಳ್ರಪ್ಪಾ.